ವೆಸ್ಟ್ ಹಿಲ್ಲಿನ ಮೀನಿನ ಲೆಕ್ಕ



ಮಂಗಳೂರಿನಲ್ಲೋ ಮಂಜೇಶ್ವರದಲ್ಲೋ ರೈಲು ಹತ್ತಿ ದಕ್ಷಿಣಕ್ಕೆ ಹೊರಟರೆ, ಕಲ್ಲಿಕೋಟೆ ತಲುಪುವುದಕ್ಕೆ ಸ್ವಲ್ಪ ಮೊದಲು ಒಂದು ಸಣ್ಣ ನಿಲ್ದಾಣ ಸಿಗುತ್ತದೆ. ಅದರ ಹೆಸರು ವೆಸ್ಟ್ ಹಿಲ್. ದೊಡ್ಡ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ನಾವೂ ನೀವೂ ಆ ಹೊತ್ತಿಗೆ ಇಳಿಯುವ ಅವಸರದಲ್ಲಿ ಗಂಟುಮೂಟೆ ಕಟ್ಟಿಕೊಳ್ಳುತ್ತಿರುತ್ತೇವೆ. ಆದರೆ ನಮ್ಮ ಕರಾವಳಿಯ ಅನ್ನದ ಲೆಕ್ಕವನ್ನು ಬಹಳ ಹಿಂದೆಯೇ ಬರೆಯಲು ಆರಂಭಿಸಿದ ಜಾಗ ಅದು. ಅಲ್ಲಿ 1921ರಲ್ಲಿ ಆಗಿನ ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆ ಸಮುದ್ರಜೀವಿಗಳ ಅಭ್ಯಾಸಕ್ಕಾಗಿ ಒಂದು ಕೇಂದ್ರವನ್ನು ತೆರೆಯಿತು. ಕಾಸರಗೋಡು ಆಗ ಅದೇ ಮದ್ರಾಸ್ ಸರ್ಕಾರದ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಇದ್ದುದರಿಂದ ವೆಸ್ಟ್ ಹಿಲ್ ನಮಗೂ ಸೇರಿದ್ದೇ ಆಗಿತ್ತು.

ಅಲ್ಲಿ ಮುಖ್ಯವಾಗಿ ಅಭ್ಯಾಸ ಮಾಡಿದ್ದು ಯಾವ ಮೀನನ್ನು ಎಂದು ಕೇಳಿದರೆ ನಿಮಗೆ ನಗು ಬರಬಹುದು. ಬೂತಾಯಿ! ಮಲಯಾಳದಲ್ಲಿ ಮತ್ತಿ ಅಥವಾ ಚಾಳ, ಕೊಂಕಣಿಯಲ್ಲಿ ತಾರ್ಲೆ. ವಿಜ್ಞಾನಿಗಳು ಇಟ್ಟ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಪೇಟೆಯಲ್ಲಿ ಅತಿ ಅಗ್ಗದ ಮೀನು, ಬಡವರ ಮೀನು ಎಂದು ಹೆಸರಾದದ್ದು. ಆದೋನಿ, ಸೊಲ್ಲಾಪುರದ ಕಡೆಯವರು ಇದನ್ನು ಕಂಡಿರಲಾರರು. ಆದರೆ ವಯನಾಡಿನವರ ಮತ್ತು ನೀಲಗಿರಿಯವರ ಹಿರಿಯರು ಇದನ್ನು ಬೇರೊಂದು ರೂಪದಲ್ಲಿ ಮೂಟೆಗಟ್ಟಲೆ ಕಂಡಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಮೀನಿನ ಗುಣ ವಿಚಿತ್ರ. ಒಂದು ವರ್ಷ ಕಡಲತೀರದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬರುತ್ತದೆ. ಇನ್ನೊಂದು ವರ್ಷ ಹೆಸರಿಗೂ ಇಲ್ಲ. ಕೊಚ್ಚಿಯಲ್ಲಿ ವೈದ್ಯನಾಗಿದ್ದು ಮೀನುಗಳ ಹುಚ್ಚು ಹಿಡಿಸಿಕೊಂಡ ಫ್ರಾನ್ಸಿಸ್ ಡೇ ಎಂಬ ಇಂಗ್ಲಿಷರವನು 1865ರಲ್ಲಿ ಮಲಬಾರಿನ ಮೀನುಗಳ ಮೇಲೆ ಗ್ರಂಥ ಬರೆದ ಕಾಲಕ್ಕೇ ಇದರ ಈ ಆಟ ಎಲ್ಲರಿಗೂ ತಿಳಿದಿತ್ತು. ಯಾಕೆ ಬರುತ್ತದೆ, ಯಾಕೆ ಬರುವುದಿಲ್ಲ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ದೈವದ ಕೋಪ ಎಂದವರಿದ್ದರು, ಮಳೆ ಹೆಚ್ಚಾಯಿತು ಎಂದವರಿದ್ದರು. ಮಳೆಯ ಮಾತು ಪೂರ್ತಿ ಸುಳ್ಳಲ್ಲ ಎಂದು ಮುಂದೆ ಗೊತ್ತಾಯಿತು.

ಈ ಕಥೆಯಲ್ಲಿ ಮೊದಲು ಬರುವ ಹೆಸರು ಸರ್ ಫ್ರೆಡರಿಕ್ ನಿಕೊಲ್ಸನ್. ಬ್ಯಾಂಕಿನ ಗುಮಾಸ್ತಿಕೆಯಲ್ಲಿ ತಲೆ ನರೆತವನು ನಾನು, ಆದ್ದರಿಂದ ಈತನ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಿದರೆ ಮನ್ನಿಸಬೇಕು. ಈತ ಮದ್ರಾಸ್ ಪ್ರಾಂತದ ಐಸಿಎಸ್ ಅಧಿಕಾರಿ. ರೈತನಿಗೆ ಸಾಹುಕಾರನ ಬಡ್ಡಿಯಿಂದ ಬಿಡುಗಡೆ ಹೇಗೆ ಎಂದು ವಿಚಾರಿಸಿ ಬರುವಂತೆ ಸರ್ಕಾರ ಈತನಿಗೆ ಹೇಳಿತು. ಯುರೋಪಿನ ಹಳ್ಳಿ ಬ್ಯಾಂಕುಗಳನ್ನೆಲ್ಲ ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿ ಕೊಟ್ಟ. ಜರ್ಮನಿಯ ರೈಫೈಸನ್ ಎಂಬಾತ ಕಟ್ಟಿದಂಥ ಪರಸ್ಪರ ನಂಬಿಕೆಯ ಸಣ್ಣ ಸಂಘಗಳೇ ನಮಗೆ ದಾರಿ ಎಂಬುದು ಅದರ ತಿರುಳು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಬೇರು ಅಲ್ಲಿದೆ. ಮರುವರ್ಷ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರ ಸಂಘ ಅದೇ ಕಾಯಿದೆಯ ಕೂಸು. ಇಂದು ನಿಮ್ಮೂರಿನ ಸೊಸೈಟಿಯಲ್ಲಿ ಗೊಬ್ಬರಕ್ಕೆ ಸಾಲ ತೆಗೆಯುವಾಗ ಆ ಮನುಷ್ಯನ ಋಣ ಸ್ವಲ್ಪ ಇದ್ದೇ ಇದೆ.

ಅದೇ 1905ರಲ್ಲಿ ಈತ ಹೊಲ ಬಿಟ್ಟು ಕಡಲಿಗೆ ಇಳಿದ. ಮದ್ರಾಸ್ ಪ್ರಾಂತದ ಮೀನುಗಾರಿಕೆಯನ್ನು ವಿಚಾರಿಸುವ ಕೆಲಸ ವಹಿಸಿಕೊಂಡ. ನೆನಪಿಡಿ, ಇದು ಗೌರವ ಹುದ್ದೆ. 1907ರಲ್ಲಿ ಮೀನುಗಾರಿಕೆಗೆ ಪ್ರತ್ಯೇಕ ಇಲಾಖೆಯೇ ಆಯಿತು. 1918ರವರೆಗೆ ಅದರ ಯಜಮಾನಿಕೆ ಈತನದೇ. ಕೊನೆಗಾಲವನ್ನು ಕೂನೂರಿನಲ್ಲಿ ಕಳೆದ. ನೀಲಗಿರಿಯ ಕೇಳುಗರಿಗೆ ಇದು ತಮ್ಮೂರಿನ ಸುದ್ದಿ.

ಸಾಲದ ವಿಚಾರ ಮಾಡಿದವನು ಮೀನಿನ ವಿಚಾರಕ್ಕೆ ಬಂದಾಗ ಮೊದಲು ಏನು ನೋಡಿದ? ನಷ್ಟವನ್ನು ನೋಡಿದ. ಬೂತಾಯಿ ಸುಗ್ಗಿ ಬಂದ ದಿನ ಕೊಳ್ಳುವವರಿಲ್ಲ. ಉಪ್ಪಿಗೆ ಸರ್ಕಾರದ ಸುಂಕ. ಮೀನು ಒಣಗಿಸುವ ಸರ್ಕಾರಿ ಅಂಗಳಗಳಲ್ಲಿ ಮಾತ್ರ ಸುಂಕವಿಲ್ಲದ ಉಪ್ಪು ಸಿಗುತ್ತಿತ್ತು. ಉಳಿದ ಮೀನನ್ನು ಮರಳಿನ ಮೇಲೆ ಒಣಗಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಇಲ್ಲವೇ ಕೊಳೆಸಿ ಎಣ್ಣೆ ತೆಗೆಯುತ್ತಿದ್ದರು. ಆ ಎಣ್ಣೆ ಕಪ್ಪು, ವಾಸನೆ ಹೇಳತೀರದು. ಮಲಬಾರಿನ ತಾನೂರಿನಲ್ಲಿ ನಿಕೊಲ್ಸನ್ ಒಂದು ಪ್ರಯೋಗಶಾಲೆ ಹಾಕಿ, ಮೀನನ್ನು ಕೊಳೆಯುವ ಮೊದಲೇ ಕಡಾಯಿಯಲ್ಲಿ ಬೇಯಿಸಿ ತಿರುಪಿನ ಒತ್ತುಯಂತ್ರದಲ್ಲಿ ಹಿಂಡುವ ಸುಲಭ ಉಪಾಯ ತೋರಿಸಿದ. ಮೇಲೆ ತಿಳಿಯಾದ ಎಣ್ಣೆ, ಕೆಳಗೆ ಹಿಂಡಿ. ಎಣ್ಣೆ ಸಾಬೂನಿಗೆ, ಚರ್ಮ ಹದ ಮಾಡುವುದಕ್ಕೆ, ದೋಣಿಗೆ ಬಳಿಯುವುದಕ್ಕೆ ಹೋಯಿತು. ಒಣಗಿಸಿದ ಹಿಂಡಿಗೆ ಗ್ವಾನೋ ಎಂದು ಹೆಸರು. ಅದು ಗೊಬ್ಬರವಾಗಿ ತೋಟಗಳಿಗೆ ಹೋಯಿತು. ಮೂಟೆಗಟ್ಟಲೆ ಎಂದು ಆಗ ಹೇಳಿದೆನಲ್ಲ, ಅದು ಇದೇ. ಬೆಟ್ಟದ ಕಾಫಿ, ಚಹಾ ಗಿಡಗಳು ನಮ್ಮ ಕಡಲಿನ ಬೂತಾಯಿಯನ್ನು ತಿಂದು ಬೆಳೆದವು.

ಯಂತ್ರ ಅಗ್ಗ, ವಿದ್ಯೆ ಸುಲಭ. ಕೆಲವೇ ವರ್ಷಗಳಲ್ಲಿ ಮಲಬಾರಿನಿಂದ ದಕ್ಷಿಣ ಕನ್ನಡದವರೆಗೆ ಇಂಥ ಕಡಾಯಿ ಕಾರ್ಖಾನೆಗಳು ನೂರಾರು ಎದ್ದವು. ಒಳ್ಳೆಯ ಮೀನು ಹೊಟ್ಟೆಗೆ ಹೋಗದೆ ಗೊಬ್ಬರವಾಗುವುದು ಇಲಾಖೆಗೂ ಹಿತವಾಗಿರಲಿಲ್ಲ. ಅದಕ್ಕೇ ಚಾಲಿಯಂನಲ್ಲಿ ಡಬ್ಬಿಯಲ್ಲಿ ತುಂಬುವ ಪ್ರಯೋಗಗಳೂ ನಡೆದವು. ಆದರೆ ಡಬ್ಬಿಯ ಮೀನು ಕೊಳ್ಳುವಷ್ಟು ದುಡ್ಡು ಯಾರ ಹತ್ತಿರ ಇತ್ತು? ಕಡಾಯಿಯೇ ಗೆದ್ದಿತು.

ಇಲ್ಲಿ ಬರುತ್ತಾನೆ ನಮ್ಮ ಎರಡನೆಯ ಮನುಷ್ಯ, ಜೇಮ್ಸ್ ಹಾರ್ನೆಲ್. ಹುಟ್ಟಿದ್ದು 1865ರಲ್ಲಿ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಜೆರ್ಸಿ ಎಂಬ ದ್ವೀಪದಲ್ಲಿ ತನ್ನ ಮಾವನ ಜೊತೆ ಸೇರಿ ಒಂದು ಖಾಸಗಿ ಕಡಲ ಅಭ್ಯಾಸ ಕೇಂದ್ರ ನಡೆಸುತ್ತಿದ್ದ. ಸೂಕ್ಷ್ಮದರ್ಶಕದಲ್ಲಿ ನೋಡಲು ಕಡಲಜೀವಿಗಳ ಗಾಜಿನ ಚೂರುಗಳನ್ನು ಸಿದ್ಧಪಡಿಸಿ, ಅವುಗಳ ವಿವರಣೆಯನ್ನೂ ಅಚ್ಚುಹಾಕಿ ಚಂದಾದಾರರಿಗೆ ಒದಗಿಸುತ್ತಿದ್ದ. ಈಗ ನಾವು ಅಂಚೆ ಶಿಕ್ಷಣ ಎನ್ನುತ್ತೇವಲ್ಲ, ಸುಮಾರಾಗಿ ಅದೇ. ಆಮೇಲೆ ಮುತ್ತಿನ ಚಿಪ್ಪುಗಳ ತನಿಖೆಗೆ ಸಿಂಹಳಕ್ಕೆ ಬಂದ, ಅಲ್ಲಿಂದ ಮದ್ರಾಸಿಗೆ. 1908ರಲ್ಲಿ ಮಲಬಾರ್ ತೀರದುದ್ದಕ್ಕೂ ಲಕ್ಷದ್ವೀಪದವರೆಗೂ ಮೀನು ಹುಡುಕುತ್ತ ಹಡಗಿನಲ್ಲಿ ಸುತ್ತಿದ. 1918ರಲ್ಲಿ ನಿಕೊಲ್ಸನ್ನನ ಕುರ್ಚಿ ಈತನಿಗೆ ಬಂತು.

ಹಾರ್ನೆಲ್ಲನಿಗೆ ಮೀನಿನಷ್ಟೇ ಮೀನುಗಾರರ ಮೇಲೂ ಕುತೂಹಲ. ನಮ್ಮ ದೋಣಿಗಳ ಆಕಾರ, ಕಟ್ಟುವ ರೀತಿ ಎಲ್ಲವನ್ನೂ ಅಳೆದು ಬರೆದ. ಲೋಕದ ದೋಣಿಗಳ ಬಗ್ಗೆ ಆತ 1946ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವನ್ನು ಬಲ್ಲವರು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ. ಕಡಲಿನ ವಿದ್ಯೆಯನ್ನು ಪುಸ್ತಕದಿಂದ ಕಲಿಯುವುದಲ್ಲ, ತೀರದಲ್ಲಿ ಕೂತು ಕಲಿಯಬೇಕು ಎಂಬುದು ಆತನ ಬದುಕಿನ ರೀತಿಯೇ ಆಗಿತ್ತು. ಆತನ ಕಾಲದಲ್ಲೇ ವೆಸ್ಟ್ ಹಿಲ್ ಕೇಂದ್ರ ಬಂದದ್ದು. ಪೂರ್ವದಲ್ಲಿ, ರಾಮೇಶ್ವರದ ದಾರಿಯ ಪಾಂಬನ್ ಹತ್ತಿರ, ಕುರುಸಡೈ ಎಂಬ ಪುಟ್ಟ ದ್ವೀಪವೂ ಇಲಾಖೆಯ ಇನ್ನೊಂದು ಕೇಂದ್ರವಾಯಿತು. ಎರಡರ ಸ್ವಭಾವ ಬೇರೆ. ಕುರುಸಡೈಯದು ಹವಳದ ತೀರ. ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿನಲ್ಲಿ ನಡೆದರೆ ಪಠ್ಯಪುಸ್ತಕದ ಪ್ರಾಣಿಗಳೆಲ್ಲ ಜೀವಂತವಾಗಿ ಕಣ್ಣೆದುರು. ಮದ್ರಾಸಿನ ವಸ್ತುಸಂಗ್ರಹಾಲಯ 1927ರಲ್ಲಿ ಆ ದ್ವೀಪದ ಜೀವಿಗಳ ಪಟ್ಟಿಯನ್ನೇ ಪುಸ್ತಕವಾಗಿ ತಂದಿತು. ಕಾಲೇಜು ಹುಡುಗರು ಪ್ಯಾಂಟು ಮಡಚಿಕೊಂಡು ಪ್ರಾಣಿಶಾಸ್ತ್ರ ಕಲಿತ ಜಾಗ ಅದು. ವೆಸ್ಟ್ ಹಿಲ್ಲಿನಲ್ಲಿ ಅಂಥ ಚೆಲುವು ಇಲ್ಲ. ಕೆಸರು ನೀರು, ಮರಳು, ಅಬ್ಬರದ ಮಳೆ. ಅಲ್ಲಿದ್ದದ್ದು ಒಂದೇ ಪ್ರಶ್ನೆ, ಮತ್ತಿ ಯಾಕೆ ಬರುತ್ತದೆ, ಯಾಕೆ ಹೋಗುತ್ತದೆ?

ಕೆಲಸ ನಡೆದ ರೀತಿ ಕೇಳಿ. ಮೀನು ಬಂದಾಗಲೆಲ್ಲ ಒಂದಷ್ಟನ್ನು ತಂದು ಉದ್ದ ಅಳೆಯುವುದು. ಹೊಟ್ಟೆ ಸೀಳಿ ಏನು ತಿಂದಿದೆ, ಮೊಟ್ಟೆ ಎಷ್ಟು ಬಲಿತಿದೆ ನೋಡುವುದು. ತೆಳು ಬಟ್ಟೆಯ ಬಲೆಯನ್ನು ನೀರಿನಲ್ಲಿ ಎಳೆದು, ಅದರಲ್ಲಿ ಸಿಕ್ಕ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಎಣಿಸುವುದು. ವಾರ ವಾರವೂ, ತಿಂಗಳು ತಿಂಗಳೂ. ದಿನವಹಿ ಬರೆದವರಿಗೆ ಈ ಕೆಲಸದ ಬೇಸರವೂ ರುಚಿಯೂ ಎರಡೂ ಗೊತ್ತು. ಹಾರ್ನೆಲ್ ಮತ್ತು ಆತನ ಸಹಾಯಕ ರಾಮಸ್ವಾಮಿ ನಾಯುಡು ಇಬ್ಬರೂ ಸೇರಿ 1924ರ ಇಲಾಖೆಯ ಪತ್ರಿಕೆಯಲ್ಲಿ ಬೂತಾಯಿಯ ಜೀವನ ಚರಿತ್ರೆ ಬರೆದರು. ಅದು ಚಿಕ್ಕ ಬದುಕು. ಎರಡೂವರೆ ವರ್ಷ, ಅಷ್ಟೇ. ಒಂದು ವರ್ಷ ತುಂಬುವಾಗ ಪ್ರಾಯ. ಮಳೆಗಾಲದಲ್ಲಿ ಮೊಟ್ಟೆ. ಊಟ ಬಹುಪಾಲು ಡಯಾಟಮ್ ಎಂಬ ಸೂಕ್ಷ್ಮ ಸಸ್ಯಗಳು.

ಇದರ ಅರ್ಥ ಏನೆಂದು ಸ್ವಲ್ಪ ಯೋಚಿಸಿ. ಇಷ್ಟು ಕಡಿಮೆ ಆಯುಷ್ಯದ ಮೀನಿಗೆ ಬ್ಯಾಂಕಿನಲ್ಲಿ ಠೇವಣಿ ಎಂಬುದು ಇಲ್ಲ. ಈ ವರ್ಷದ ಮರಿಯೇ ಮುಂದಿನ ವರ್ಷದ ಬಂಡವಾಳ. ಒಂದು ಮಳೆಗಾಲ ಕೈಕೊಟ್ಟರೆ ಮುಂದಿನ ಸುಗ್ಗಿ ಖಾಲಿ. ಎರಡು ಮಳೆಗಾಲ ಹೊಂದಿ ಬಂದರೆ ತೀರ ತುಂಬುತ್ತದೆ. ಅಜ್ಜಂದಿರು ಕಂಡ ಏರಿಳಿತದ ಗುಟ್ಟು ಅರ್ಧಭಾಗ ಇಲ್ಲೇ ಇದೆ.

ಉಳಿದರ್ಧ ನೀರಿನಲ್ಲಿದೆ. ಮುಂಗಾರಿನ ಕಾಲದಲ್ಲಿ ನಮ್ಮ ಪಶ್ಚಿಮ ತೀರದಲ್ಲಿ ಆಳದ ತಣ್ಣೀರು ಮೇಲಕ್ಕೆ ಏಳುತ್ತದೆ. ತಳದಲ್ಲಿದ್ದ ಸತ್ವವೆಲ್ಲ ಬಿಸಿಲು ಬೀಳುವ ಜಾಗಕ್ಕೆ ಬಂದು ಡಯಾಟಮ್‌ಗಳು ಹೊಲದ ಹಾಗೆ ಹುಲುಸಾಗುತ್ತವೆ. ಆ ಹೊಲದ ಮೇಲೆ ಮೇಯಲು ಬರುವ ದನ ಬೂತಾಯಿ. ಆದರೆ ಒಂದು ತೊಡಕು ನೋಡಿ. ಮೊಟ್ಟೆ ಇಡುವ ಕಾಲವೇ ದೋಣಿ ಇಳಿಯದ ಕಾಲ. ಜೂನ್, ಜುಲೈಯಲ್ಲಿ ಆಗಿನ ದೋಣಿಗಳು ಕಡಲಿಗೆ ಹೋಗುತ್ತಿರಲಿಲ್ಲ. ಎಲ್ಲೋ ಕೆಲವು ಕಡೆ ಮಲಯಾಳಿಗಳು ಚಾಕರ ಎನ್ನುವ ಕೆಸರು ದಿಬ್ಬಗಳು ಅಲೆಯನ್ನು ತಣಿಸಿ ದಾರಿ ಕೊಡುತ್ತಿದ್ದವು, ಅಷ್ಟೆ. ಹೀಗಾಗಿ ಯಾವ ತಿಂಗಳ ಲೆಕ್ಕ ಎಲ್ಲಕ್ಕಿಂತ ಮುಖ್ಯವೋ ಆ ತಿಂಗಳ ಪುಟವೇ ಬಹುಕಾಲ ತೆಳ್ಳಗಿತ್ತು.

ಈಗ ಕಡಾಯಿಯ ಕಥೆಗೂ ಸೂಕ್ಷ್ಮದರ್ಶಕದ ಕಥೆಗೂ ಗಂಟು ಬೀಳುತ್ತದೆ. ಒಂದೇ ಇಲಾಖೆಯ ಒಂದು ಕೈ ಕಡಾಯಿ ಕೊಟ್ಟಿತು, ಇನ್ನೊಂದು ಕೈ ಲೆಕ್ಕ ಬರೆಯಿತು. ಕಡಾಯಿಗೆ ಆತುರ, ಲೆಕ್ಕಕ್ಕೆ ತಾಳ್ಮೆ. 1940ರ ದಶಕದ ಆರಂಭದಲ್ಲಿ ಬೂತಾಯಿ ಕೈಕೊಟ್ಟಿತು. ಇಲಾಖೆಯ ದೇವನೇಶನ್ ಎಂಬ ವಿಜ್ಞಾನಿ ವಿಚಾರ ಮಾಡಿ, ಮೊಟ್ಟೆ ತುಂಬಿದ ಮೀನನ್ನೂ ಮರಿಗಳನ್ನೂ ಮಿತಿಮೀರಿ ಹಿಡಿದದ್ದೇ ಕಾರಣ ಎಂದರು. 1943ರಲ್ಲಿ ಮದ್ರಾಸ್ ಸರ್ಕಾರ ಕೆಲವು ಬಲೆಗಳಿಗೂ ಎಣ್ಣೆ ಗೊಬ್ಬರದ ಕೆಲಸಕ್ಕೂ ಕಡಿವಾಣ ಹಾಕಿತು. ನೂರಾರು ಮೈಲಿ ತೀರದಲ್ಲಿ ಕಾವಲು ಕಾಯುವವರು ಯಾರು? ಕೆಲವೇ ವರ್ಷಗಳಲ್ಲಿ ಆ ಕಟ್ಟಳೆಯನ್ನು ಹಿಂದಕ್ಕೆ ತೆಗೆದುಕೊಂಡರು. ನನ್ನ ಮಟ್ಟಿಗೆ ಹೇಳುವುದಾದರೆ, ದೇವನೇಶನ್ನರ ಮಾತು ಪೂರ್ತಿ ಸರಿಯೋ ಎಂಬ ಅನುಮಾನಕ್ಕೆ ಜಾಗವಿದೆ, ಯಾಕೆಂದರೆ ಕಡಾಯಿ ಇಲ್ಲದ ಕಾಲದಲ್ಲೂ ಈ ಮೀನು ಕಾಣೆಯಾಗುತ್ತಿತ್ತು. ಆದರೆ ಮನೆಯಲ್ಲಿ ಅಕ್ಕಿ ಕಡಿಮೆಯಾದ ವರ್ಷ ಬಿತ್ತನೆಯ ಭತ್ತಕ್ಕೆ ಕೈಹಾಕಬೇಡಿ ಎಂದು ಹೇಳಿದವನನ್ನು ತಪ್ಪು ಎನ್ನಲು ನನಗೆ ಬಾಯಿ ಬಾರದು.

ಸ್ವಾತಂತ್ರ್ಯ ಬರುವ ವರ್ಷ, 1947ರ ಫೆಬ್ರವರಿ 3ರಂದು, ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮದ್ರಾಸಿನಲ್ಲಿ ಹುಟ್ಟಿತು. 1949ರಲ್ಲಿ ಅದು ಕುರುಸಡೈಯ ಎದುರಿನ ಮಂಡಪಂಗೆ ಹೋಯಿತು, 1971ರಲ್ಲಿ ಕೊಚ್ಚಿಗೆ. ವೆಸ್ಟ್ ಹಿಲ್ಲಿನಲ್ಲಿ ಅದರ ಕೇಂದ್ರ ನೆಲೆಸಿ ಹಳೆಯ ಪ್ರಶ್ನೆಯನ್ನೇ ಮುಂದುವರಿಸಿತು. ಫ್ರಾಜಿಲೇರಿಯಾ ಓಶಿಯಾನಿಕಾ ಎಂಬ ಒಂದು ಡಯಾಟಮ್ ಸಮೃದ್ಧವಾದ ವರ್ಷ ಬೂತಾಯಿಯೂ ಸಮೃದ್ಧ ಎಂಬ ಮಾತು 1950ರ ದಶಕದಲ್ಲಿ ಅಲ್ಲಿಂದ ಬಂತು. ಮೀನಿನ ಹುರುಪೆಯಲ್ಲೂ ಕಿವಿಯೊಳಗಿನ ಸಣ್ಣ ಕಲ್ಲಿನಲ್ಲೂ ಮರದ ಕಾಂಡದ ಹಾಗೆ ಉಂಗುರಗಳಿರುತ್ತವೆ. ಅವುಗಳಿಂದ ವಯಸ್ಸು ಹೇಳಲು ನೋಡಿದರು, ಒಂದು ಉಂಗುರ ಒಂದು ವರ್ಷವೇ ಎಂದು ಬಹಳ ವಾದವೂ ಆಯಿತು. ಕಾರವಾರದ ಕೇಂದ್ರ ಬಂಗುಡೆಯ ಬೆನ್ನು ಹಿಡಿಯಿತು. 1969ರಲ್ಲಿ ಮಂಗಳೂರಿಗೆ ಮೀನುಗಾರಿಕೆ ಕಾಲೇಜು ಬಂತು, ಇಡೀ ದೇಶಕ್ಕೇ ಮೊದಲನೆಯದು. ಕಾಳಿ ನದಿಯ ಬಾಯಲ್ಲಿ, ಕಾರವಾರದ ಕೋಡಿಬಾಗದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಕಡಲ ಜೀವಶಾಸ್ತ್ರ ಕಲಿಸತೊಡಗಿತು. ನಮ್ಮ ಮಕ್ಕಳು ಈ ವಿದ್ಯೆಗಾಗಿ ಪಾಂಬನ್ನಿನವರೆಗೆ ಹೋಗಬೇಕಾದ ಕಾಲ ಮುಗಿಯಿತು.

ಆದರೆ ಕಡಾಯಿಯ ಕಾಲ ಮುಗಿದಿರಲಿಲ್ಲ, ರೂಪ ಬದಲಾಯಿತು. ಕನ್ನಡ ಕರಾವಳಿಯಲ್ಲಿ ರಂಪಣಿ ಎಂಬ ಮಹಾಬಲೆ ಇತ್ತು. ಊರಿಗೆ ಊರೇ ಸೇರಿ ದಡಕ್ಕೆ ಎಳೆಯುವುದು, ಬಂದದ್ದನ್ನು ಪಾಲು ಹಂಚಿಕೊಳ್ಳುವುದು. ನಿಕೊಲ್ಸನ್ ಹುಡುಕುತ್ತ ಜರ್ಮನಿಯವರೆಗೆ ನೋಡಿದ ಸಹಕಾರ ನಮ್ಮ ಮರಳಿನ ಮೇಲೆಯೇ ಇತ್ತೆಂದು ನನಗೆ ಅನಿಸುವುದುಂಟು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದು ಮೀನನ್ನು ದಡಕ್ಕೆ ಬರುವ ಮೊದಲೇ ಸುತ್ತಿ ಹಿಡಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮಾಯವಾಯಿತು. ಈಚೆಗೆ ನಮ್ಮ ಗಡಿಯಾಚೆ ಉಳ್ಳಾಲದಿಂದ ಮಲ್ಪೆಯವರೆಗೆ ಮೀನಿನ ಹುಡಿ ಮತ್ತು ಎಣ್ಣೆಯ ಕಾರ್ಖಾನೆಗಳಿವೆ. ಕೋಳಿಗೆ, ಸಿಗಡಿಗೆ ಆಹಾರ. ತಾನೂರಿನ ಕಡಾಯಿಯ ಮೊಮ್ಮಕ್ಕಳು ಅನ್ನಿ.

ಅಂಕಿಗಳನ್ನು ನೋಡಿ. 2012ರಲ್ಲಿ ಕೇರಳ ಒಂದರಲ್ಲೇ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತು, ಅದು ದಾಖಲೆ. 2021ರಲ್ಲಿ ಸಿಕ್ಕಿದ್ದು 3,297 ಟನ್. ಸೊನ್ನೆ ಬಿಟ್ಟುಹೋಗಿದೆಯೇ ಎಂದು ನಾನು ಎರಡು ಸಲ ನೋಡಿದೆ. ಇಲ್ಲ. ನೂರು ಬುಟ್ಟಿ ಬಂದಲ್ಲಿ ಒಂದು ಬುಟ್ಟಿಯೂ ಇಲ್ಲ. 1994ರ ಮಹಾಬರದ ನಂತರ ಇಷ್ಟು ಕಡಿಮೆ ಬಂದದ್ದಿಲ್ಲ. ಎಲ್ ನಿನೋ ಎಂಬ ದೂರದ ಶಾಂತಸಾಗರದ ಬಿಸಿ, ಮಿತಿಮೀರಿದ ಹಿಡಿತ, ಮರಿಮೀನಿನ ಬೇಟೆ, ಎಲ್ಲವೂ ಕೂಡಿ ಆದ ಹೊಡೆತ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಹಾರ್ನೆಲ್ ಮತ್ತು ನಾಯುಡು ಹೇಳಿದ ಚಿಕ್ಕ ಆಯುಷ್ಯದ ಮಾತು ಇಲ್ಲಿ ಮತ್ತೆ ಎದುರಾಗುತ್ತದೆ. ಬಿದ್ದಷ್ಟೇ ಬೇಗ ಎದ್ದೂಬಿಟ್ಟಿತು. ಮರುವರ್ಷ ಕೇರಳದಲ್ಲಿ ಲಕ್ಷ ಟನ್ ದಾಟಿತು, 2024ರಲ್ಲಿ ಸುಮಾರು ಒಂದೂವರೆ ಲಕ್ಷ.

ಈ ಬರದ ಮೊದಲೇ, 2015ರಲ್ಲಿ, ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂದು ಕೇರಳ ಸರ್ಕಾರ ನಿಯಮ ಮಾಡಿತ್ತು. ಒಂದು ಬೀಡಿಕಟ್ಟಿಗಿಂತ ಸ್ವಲ್ಪ ಉದ್ದ. ಬಲೆಯೊಳಗೆ ಲಕ್ಷಾಂತರ ಮೀನು ಹೊರಳುವಾಗ ಅಳತೆಪಟ್ಟಿ ಹಿಡಿಯುವವರು ಯಾರು ಎಂದು ದೋಣಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮರಿಗಳ ಹಿಂಡು ಎಂದು ಕಂಡಮೇಲೆ ಬಲೆ ಬಿಡದಿರುವುದು ಮಾತ್ರ ದೋಣಿಯವರ ಕೈಯಲ್ಲೇ ಇದೆ. ಮಳೆಗಾಲದ ಬಿಡುವಿನಲ್ಲೂ ಗಡಿಯ ತೊಡಕು ಇದ್ದೇ ಇದೆ. ಈಚಿನ ವರ್ಷಗಳಲ್ಲಿ ಕರ್ನಾಟಕದ ಯಂತ್ರದೋಣಿಗಳಿಗೆ ಜೂನ್ 1ರಿಂದಲೇ ಬಿಡುವು, ಕೇರಳದ ಟ್ರಾಲರುಗಳಿಗೆ ಜೂನ್ 9ರ ನಡುರಾತ್ರಿಯಿಂದ. ಮುಗಿಯುವುದು ಎರಡು ಕಡೆಯೂ ಜುಲೈ 31ಕ್ಕೆ. ತಲಪಾಡಿಯ ನೇರಕ್ಕೆ ಕಡಲಿನಲ್ಲಿ ಗೆರೆ ಎಲ್ಲಿದೆ ಎಂದು ಮೊಟ್ಟೆ ತುಂಬಿದ ಮೀನಿಗೆ ಯಾರು ಹೇಳಬೇಕು!

ಮೀನು ಇಳಿಯುವ ಬಂದರುಗಳಲ್ಲಿ ಇಂದಿಗೂ ಸಂಸ್ಥೆಯ ಮನುಷ್ಯನೊಬ್ಬ ಪುಸ್ತಕ ಹಿಡಿದು ನಿಂತಿರುವುದನ್ನು ನೀವು ನೋಡಿರಬಹುದು. ಅವನು ಎಲ್ಲ ದೋಣಿಗಳನ್ನೂ ಎಣಿಸುವುದಿಲ್ಲ. ಯಾವ ದಿನ, ಯಾವ ಬಂದರು, ಯಾವ ದೋಣಿ ಎಂಬುದನ್ನು ಮೊದಲೇ ಕ್ರಮದಿಂದ ಆರಿಸಿರುತ್ತಾರೆ. ಅಷ್ಟರಿಂದ ಇಡೀ ತೀರದ ಮೊತ್ತ ತೆಗೆಯುತ್ತಾರೆ. ಬ್ಯಾಂಕಿನ ಲೆಕ್ಕ ತಪಾಸಣೆಯವರು ಎಲ್ಲ ಖಾತೆ ಬಿಚ್ಚದೆ ಆಯ್ದ ಖಾತೆ ಬಿಚ್ಚುತ್ತಾರಲ್ಲ, ಹಾಗೆ. ಅವನು ಬಂದು ಮತ್ತಿ ಉಂಡೋ ಎಂದು ಮಲಯಾಳದಲ್ಲಿ ಕೇಳಲಿ, ಬೂತಾಯಿ ಉಂಡಾ ಎಂದು ತುಳುವಿನಲ್ಲಿ ಕೇಳಲಿ, ಸುಂಕದವನೆಂದು ಹೆದರಿ ಅರ್ಧ ಹೇಳಬೇಡಿ, ಜಂಬಕ್ಕೆ ಎರಡರಷ್ಟೂ ಹೇಳಬೇಡಿ. ಮಂಜೇಶ್ವರದಲ್ಲಿ ಇಳಿದ ಬುಟ್ಟಿ ಕೇರಳದ ಕಲಮಿಗೆ ಹೋಗುತ್ತದೆ, ಉಳ್ಳಾಲದಲ್ಲಿ ಇಳಿದದ್ದು ಕರ್ನಾಟಕದ ಕಲಮಿಗೆ. ಕೊಚ್ಚಿಯ ಮೇಜಿನ ಮೇಲೆ ಎರಡನ್ನೂ ಒಂದೇ ಮೀನಿನ ಹೆಸರಿನ ಕೆಳಗೆ ಕೂಡಿಸುತ್ತಾರೆ.